ಊಟವಾಯಿತೇ? ಕ್ಯಾಂಟನ್ ಬೀದಿಯ ಮಾತು ಕಲಿತವರ ಇತಿಹಾಸ

ಕ್ಯಾಂಟನೀಸ್ ಭಾಷೆಯಲ್ಲಿ ಕೃತಜ್ಞತೆ ಹೇಳಲು ಎರಡು ಮಾತುಗಳಿವೆ. ಒಂದು ‘ಮ್-ಗೋಯ್’, ಇನ್ನೊಂದು ‘ದೋ-ಜೆ’. ಯಾರಾದರೂ ದಾರಿ ಬಿಟ್ಟುಕೊಟ್ಟರೆ, ಬಾಗಿಲು ತೆರೆದು ಹಿಡಿದರೆ, ಹೋಟೆಲಿನ ಮಾಣಿ ಲೋಟ ತುಂಬಿಸಿದರೆ ಹೇಳಬೇಕಾದುದು ಮ್-ಗೋಯ್. ಯಾರಾದರೂ ಉಡುಗೊರೆ ಕೊಟ್ಟರೆ, ಊಟಕ್ಕೆ ಕರೆದರೆ, ನಮ್ಮ ಮಕ್ಕಳನ್ನು ಹೊಗಳಿದರೆ ಹೇಳಬೇಕಾದುದು ದೋ-ಜೆ. ಸೇವೆಗೆ ಒಂದು, ಕೊಡುಗೆಗೆ ಇನ್ನೊಂದು. ಹೊಸವರ್ಷದ ದಿನ ಹಿರಿಯರು ಕೆಂಪು ಲಕೋಟೆಯಲ್ಲಿ ಹಣವಿಟ್ಟು ಕೊಟ್ಟಾಗ ಮಗು ಬಾಯಿತಪ್ಪಿ ಮ್-ಗೋಯ್ ಎಂದರೆ ಮನೆಯವರು ತಿದ್ದುತ್ತಾರೆ. ಮ್-ಗೋಯ್ ಎಂಬುದರ ಪದಶಃ ಅರ್ಥ ‘ಸಲ್ಲದು’, ‘ಬೇಕಿರಲಿಲ್ಲ’ ಎಂದು. ನನಗಾಗಿ ನೀವು ಇಷ್ಟು ತೊಂದರೆ ತೆಗೆದುಕೊಳ್ಳಬೇಕಿರಲಿಲ್ಲ ಎಂಬ ಸಂಕೋಚ ಅದರೊಳಗಿದೆ. ಇದೇ ಮಾತು ‘ದಯವಿಟ್ಟು’ ಎಂಬುದಕ್ಕೂ, ‘ಸ್ವಲ್ಪ ಜಾಗ ಬಿಡಿ’ ಎಂಬುದಕ್ಕೂ, ‘ಇಲ್ಲಿ ಸ್ವಲ್ಪ ನೋಡಿ’ ಎಂದು ಅಂಗಡಿಯವನನ್ನು ಕರೆಯುವುದಕ್ಕೂ ಸಲ್ಲುತ್ತದೆ.

ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ, ಹಾಂಗ್‌ಕಾಂಗ್ ಮತ್ತು ಮಕಾವುಗಳ ಕೋಟ್ಯಂತರ ಜನರು ಆಡುವ ಭಾಷೆ ಇದು. ಪ್ರಾಂತದ ರಾಜಧಾನಿ ಗುವಾಂಗ್‌ಝೌ ನಗರವನ್ನೇ ಯುರೋಪಿನವರು ಕ್ಯಾಂಟನ್ ಎಂದು ಕರೆದರು. ಚೀನಾದ ರಾಷ್ಟ್ರಭಾಷೆಯಾದ ಮ್ಯಾಂಡರಿನ್ ಮಾತ್ರ ಬಲ್ಲವನಿಗೆ ಕ್ಯಾಂಟನ್ನಿನ ಮಾರುಕಟ್ಟೆಯ ಮಾತು ಅರ್ಥವಾಗುವುದಿಲ್ಲ. 1957ರಿಂದ ಅಲ್ಲಿ ವರ್ಷಕ್ಕೆರಡು ಬಾರಿ ನಡೆಯುವ ವ್ಯಾಪಾರ ಮೇಳಕ್ಕೆ ಹೋಗಿಬರುವ ನಮ್ಮ ಕರಾವಳಿಯ ವ್ಯಾಪಾರಿಗಳಿಗೂ ಇದರ ನಾಲ್ಕಾರು ಮಾತುಗಳ ಪರಿಚಯವಿದೆ.

ಒಂದು ಭಾಷೆಯ ಇತಿಹಾಸವನ್ನು ಸಾಮಾನ್ಯವಾಗಿ ಅದರ ಕವಿಗಳ ಮೂಲಕ, ಶಾಸನಗಳ ಮೂಲಕ ಬರೆಯುತ್ತಾರೆ. ನಾವಿಲ್ಲಿ ನೋಡಹೊರಟಿರುವುದು ಬೇರೆಯೇ ಇತಿಹಾಸ. ಹೊರಗಿನಿಂದ ಬಂದ ನಾವಿಕ, ವ್ಯಾಪಾರಿ, ಪಾದ್ರಿ, ಸಿಪಾಯಿ, ಮನೆಗೆಲಸದ ಹೆಣ್ಣುಮಗಳು ಇವರೆಲ್ಲ ಈ ಭಾಷೆಯ ದಿನಬಳಕೆಯ ಮಾತುಗಳನ್ನು ಹೇಗೆ ಕಲಿತರು? ಯಾರೊಡನೆ ಮಾತಾಡಲು ಕಲಿತರು? ಅದಕ್ಕಾಗಿ ಏನು ತೆತ್ತರು?

ಕಿವಿಗೆ ಹತ್ತಿರ, ನಾಲಗೆಗೆ ದೂರ

ಕನ್ನಡಿಗರಿಗೆ ಈ ಭಾಷೆಯ ಕೆಲವು ಸಂಗತಿಗಳು ಅಚ್ಚರಿ ಹುಟ್ಟಿಸುವಷ್ಟು ಹತ್ತಿರ. ಬೆಳಗ್ಗೆ ಸಿಕ್ಕಿದವರಿಗೆ ‘ಜೌ-ಸನ್’ ಎನ್ನುತ್ತಾರೆ. ಅದು ಬೆಳಗಿನ ವಂದನೆ. ಆದರೆ ಪರಿಚಿತರು ಎದುರಾದಾಗ ಬಾಯಿಗೆ ಬರುತ್ತಿದ್ದ ಹಳೆಯ ಮಾತು ‘ಸಿಕ್-ಜೋ-ಫಾನ್ ಮೇಯ್ ಆ?’ ಎಂಬುದು. ಅಂದರೆ ‘ಅನ್ನ ಉಂಡಾಯಿತೇ?’ ನಮ್ಮ ಊರುಗಳಲ್ಲಿ ‘ಊಟ ಆಯ್ತಾ?’ ಎಂದು ಕೇಳುವ ಹಾಗೆಯೇ ಇದು. ಇಲ್ಲಿನಂತೆ ಅಲ್ಲಿಯೂ ಇದಕ್ಕೆ ಊಟದ ವರದಿ ಒಪ್ಪಿಸಬೇಕಾಗಿಲ್ಲ. ‘ಸಿಕ್-ಜೋ’, ಆಯಿತು, ಎಂದರೆ ಸಾಕು. ಇಂಗ್ಲಿಷರಿಗೆ ಈ ಪ್ರಶ್ನೆ ವಿಚಿತ್ರವೆನಿಸಿತು. ನಮಗೆ ಹಾಗೆ ಅನಿಸಲು ಕಾರಣವಿಲ್ಲ.

ವಾಕ್ಯದ ಕೊನೆಗೆ ಸೇರಿಸುವ ಪುಟ್ಟ ಪ್ರತ್ಯಯಗಳ ವಿಷಯವೂ ಹಾಗೆಯೇ. ‘ಲಾ’, ‘ಲೋ’, ‘ಮೆ’, ‘ಗ್ವಾ’ ಮುಂತಾಗಿ ಇಂತಹವು ಹತ್ತಾರು ಇವೆ. ‘ಗ್ವಾ’ ಸೇರಿಸಿದರೆ ‘ಇರಬಹುದೇನೋ’ ಎಂಬ ಅನುಮಾನ. ‘ಮೆ’ ಸೇರಿಸಿದರೆ ‘ಹೌದಾ, ನಿಜವಾ?’ ಎಂಬ ಬೆರಗು. ‘ವೋ’ ಎಂಬುದನ್ನು ತಗ್ಗಿನಿಂದ ಏರುವ ಸ್ವರದಲ್ಲಿ ಸೇರಿಸಿದರೆ ‘ಬೇರೆಯವರು ಹೇಳಿದ್ದು, ನಾನು ಕಂಡದ್ದಲ್ಲ’ ಎಂದಾಗುತ್ತದೆ. ಕನ್ನಡದ ‘ಅಂತೆ’ ಮಾಡುವ ಕೆಲಸವೇ ಇದು. ‘ಅವನು ಬರುವುದಿಲ್ಲವಂತೆ’ ಎಂಬುದರಲ್ಲಿನ ‘ಅಂತೆ’ಯನ್ನು ಇಂಗ್ಲಿಷಿಗೆ ತರಲು ಹೊರಟವರಿಗೆ ಅದರ ಕಷ್ಟ ಗೊತ್ತು. ಕ್ಯಾಂಟನೀಸಿನಲ್ಲಿ ಆ ಕಷ್ಟವಿಲ್ಲ.

ಇನ್ನೊಂದು ತಮಾಷೆಯ ಸಂಗತಿ. ನಮ್ಮ ವರ್ಣಮಾಲೆಯಲ್ಲಿ ‘ಙ’ ಎಂಬ ಅಕ್ಷರವನ್ನು ಒಂದನೆಯ ತರಗತಿಯಲ್ಲಿ ತಿದ್ದಿ ಕಲಿತವರು ಆಮೇಲೆ ಅದನ್ನು ಬಳಸಿದ ನೆನಪು ಯಾರಿಗೂ ಇರಲಾರದು. ಕ್ಯಾಂಟನೀಸಿನಲ್ಲಿ ‘ನಾನು’ ಎಂಬುದಕ್ಕೆ ‘ಙೋ’ ಎನ್ನುತ್ತಾರೆ. ಹಾಂಗ್‌ಕಾಂಗಿನ ಹೊಸ ತಲೆಮಾರಿನವರು ಈ ‘ಙ’ವನ್ನು ಬಿಟ್ಟು ಬರೀ ‘ಓ’ ಎನ್ನತೊಡಗಿದ್ದಾರೆ. ಅಲ್ಲಿನ ಹಿರಿಯರು ಇದನ್ನು ‘ಸೋಮಾರಿ ಉಚ್ಚಾರ’ ಎಂದು ಬೈಯುತ್ತಾರೆ.

ಕಷ್ಟವಿರುವುದು ಸ್ವರದಲ್ಲಿ. ಒಂದೇ ಉಚ್ಚಾರವನ್ನು ಆರು ಸ್ವರಗಳಲ್ಲಿ ಹೇಳಬಹುದು. ಸ್ವರ ಬದಲಾದರೆ ಅರ್ಥ ಬದಲಾಗುತ್ತದೆ. ‘ಮಾಯ್’ ಎಂಬುದನ್ನು ತಗ್ಗಿನಿಂದ ಸ್ವಲ್ಪ ಏರಿಸಿ ಹೇಳಿದರೆ ‘ಕೊಳ್ಳು’. ತಗ್ಗಿನಲ್ಲೇ ಸಮನಾಗಿ ಹೇಳಿದರೆ ‘ಮಾರು’. ಶತಮಾನಗಳ ಕಾಲ ವ್ಯಾಪಾರದಿಂದಲೇ ಬದುಕಿದ ಊರಿನಲ್ಲಿ ಕೊಳ್ಳುವುದಕ್ಕೂ ಮಾರುವುದಕ್ಕೂ ಇರುವ ಅಂತರ ಇಷ್ಟೇ! ಹೊರಗಿನಿಂದ ಬಂದ ವ್ಯಾಪಾರಿಗೆ ದುಭಾಷಿ ಏಕೆ ಬೇಕಾಗುತ್ತಿದ್ದನೆಂಬುದಕ್ಕೆ ಬೇರೆ ಉದಾಹರಣೆ ಬೇಡ.

ಖಾನ್‌ಫುವಿನ ಮುಸ್ಲಿಮರು

ಕ್ಯಾಂಟನ್ನಿಗೆ ಹಡಗಿನಲ್ಲಿ ಬಂದ ಪರದೇಶಿಗಳಲ್ಲಿ ಅರಬರು ಮತ್ತು ಪರ್ಷಿಯನ್ನರು ಬಹಳ ಹಿಂದಿನವರು. ಅವರು ಈ ಊರನ್ನು ಖಾನ್‌ಫು ಎಂದರು. ಕ್ರಿ.ಶ. 851ರ ಅರಬಿ ಗ್ರಂಥ ‘ಅಖ್ಬಾರುಸ್ಸೀನ್ ವಲ್ ಹಿಂದ್’ ಇಲ್ಲಿನ ಮುಸ್ಲಿಮರ ಬಗ್ಗೆ ಹೇಳುತ್ತದೆ. ಅವರ ನಡುವಿನ ವ್ಯಾಜ್ಯಗಳನ್ನು ತೀರ್ಮಾನಿಸಲು ಚೀನೀ ಆಡಳಿತವೇ ಒಬ್ಬ ಮುಸ್ಲಿಮನನ್ನು ನೇಮಿಸಿತ್ತು. ಬಿಸಿನೀರಿಗೆ ಹಾಕಿ ಕುಡಿಯುವ ಒಂದು ಎಲೆಯ ಪ್ರಸ್ತಾಪವೂ ಅದರಲ್ಲಿದೆ. ಗ್ರಂಥಕಾರ ಅದನ್ನು ‘ಸಾಖ್’ ಎಂದು ಕರೆಯುತ್ತಾನೆ. ಅದು ಚಹಾ. ಕ್ಯಾಂಟನೀಸಿನಲ್ಲಿ ಚಹಾಕ್ಕೆ ಇಂದಿಗೂ ‘ಚಾ’ ಎಂದೇ ಹೆಸರು. ಬೆಳಗಿನ ಹೊತ್ತು ಚಹಾದಂಗಡಿಯಲ್ಲಿ ಮನೆಮಂದಿಯೆಲ್ಲ ಕೂತು ತಿಂಡಿ ತಿನ್ನುವುದಕ್ಕೆ ‘ಯಮ್-ಚಾ’, ಅಂದರೆ ಚಾ ಕುಡಿಯುವುದು, ಎನ್ನುತ್ತಾರೆ. ಮಕಾವುವಿನ ಪೋರ್ಚುಗೀಸರು ಈ ಪದವನ್ನು ಸಮುದ್ರದ ದಾರಿಯಲ್ಲಿ ಕೊಂಡೊಯ್ದರು. ಇದೇ ಮೂಲದ ಪದ ಭೂಮಾರ್ಗವಾಗಿ ಪರ್ಷಿಯನ್ನಿಗೂ ಹೋಯಿತು. ನಮ್ಮ ಕರಾವಳಿಯ ಗೂಡಂಗಡಿಯಲ್ಲಿ ‘ಒಂದು ಚಾ’ ಎಂದು ಹೇಳುವವನ ಬಾಯಲ್ಲಿರುವುದು ಆ ಕುಟುಂಬಕ್ಕೆ ಸೇರಿದ ಪದ.

ಗುವಾಂಗ್‌ಝೌವಿನ ಹುವಾಯ್‌ಶೆಂಗ್ ಮಸೀದಿ ಚೀನಾದ ಅತಿ ಹಳೆಯ ಮಸೀದಿಗಳಲ್ಲಿ ಒಂದು. ಅದರ ಮಿನಾರಕ್ಕೆ ‘ಬೆಳಕಿನ ಗೋಪುರ’ ಎಂದು ಹೆಸರು. ಹಡಗುಗಳಿಗೆ ದೀಪಸ್ತಂಭವೂ ಆಗಿತ್ತು. ಪ್ರವಾದಿಯವರ ಸಂಗಾತಿ ಸಅದ್ ಬಿನ್ ಅಬೀ ವಕ್ಕಾಸ್ ಇದನ್ನು ಕಟ್ಟಿಸಿದರೆಂಬ ನಂಬಿಕೆ ಅಲ್ಲಿನ ಮುಸ್ಲಿಮರಲ್ಲಿದೆ. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಆದರೆ ವಿದೇಶೀ ವ್ಯಾಪಾರಿಗಳ ದೊಡ್ಡ ಕೇರಿಯೊಂದು ತಾಂಗ್ ಕಾಲದಿಂದಲೂ ಇಲ್ಲಿತ್ತೆಂಬುದು ನಿರ್ವಿವಾದ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರ, ಮಂಗಳೂರುಗಳನ್ನು ಕಂಡು, ಕಲ್ಲಿಕೋಟೆಯ ಬಂದರಿನಲ್ಲಿ ಚೀನೀ ಹಡಗುಗಳನ್ನು ವರ್ಣಿಸಿದ ಇಬ್ನ್ ಬತೂತ, ಕ್ಯಾಂಟನ್ನಿನಲ್ಲಿಯೂ ಮುಸ್ಲಿಮರ ಕೇರಿ, ಮಸೀದಿ, ಖಾಝಿ ಎಲ್ಲವೂ ಇದ್ದುದನ್ನು ಬರೆದಿದ್ದಾನೆ. ಅಲ್ಲಿ ನೆಲೆನಿಂತ ಮುಸ್ಲಿಮರ ಸಂತತಿ ಕಾಲಕ್ರಮದಲ್ಲಿ ಊರಿನ ಭಾಷೆಯನ್ನೇ ತನ್ನದಾಗಿಸಿಕೊಂಡಿತು. ಹಲಾಲ್ ಊಟದ ಅಂಗಡಿಗೆ ಕ್ಯಾಂಟನೀಸಿನಲ್ಲಿ ‘ಚಿಂಗ್-ಜನ್’ ಎಂಬ ಪದವಿದೆ. ಅದರ ಅರ್ಥ ‘ಶುದ್ಧ ಮತ್ತು ಸತ್ಯ’. ಆ ಫಲಕ ಕಾಣದ ಬೀದಿಯಲ್ಲಿ ಮುಸ್ಲಿಂ ಪ್ರಯಾಣಿಕನಿಗೆ ಬೇಕಾಗುವ ಮೊದಲ ವಾಕ್ಯ ‘ಙೋ ಮ್-ಸಿಕ್ ಜೂ-ಯುಕ್’, ನಾನು ಹಂದಿಮಾಂಸ ತಿನ್ನುವುದಿಲ್ಲ.

ಕಲಿಸಿದವನಿಗೆ ಮರಣದಂಡನೆ

ಈಗ ಕೆಲವು ಶತಮಾನ ದಾಟಿ ಬರೋಣ. 1757ರಲ್ಲಿ ಚಿಂಗ್ ಚಕ್ರವರ್ತಿ ಚಿಯಾನ್‌ಲಾಂಗ್ ಯುರೋಪಿನ ಹಡಗುಗಳ ವ್ಯಾಪಾರವನ್ನು ಕ್ಯಾಂಟನ್ ಒಂದಕ್ಕೇ ಸೀಮಿತಗೊಳಿಸಿದನು. ವಿದೇಶೀಯರು ನದಿದಂಡೆಯ ಕೋಠಿಗಳಲ್ಲಿ ವ್ಯಾಪಾರದ ಋತುವಿನಲ್ಲಿ ಮಾತ್ರ ಇರಬೇಕು, ಹೆಂಗಸರನ್ನು ಕರೆತರಬಾರದು, ಪರವಾನಗಿ ಪಡೆದ ವರ್ತಕರ ಮೂಲಕವೇ ವ್ಯವಹರಿಸಬೇಕು, ಸರಕಾರ ಒಪ್ಪಿದ ದುಭಾಷಿಗಳ ಮೂಲಕವೇ ಮಾತಾಡಬೇಕು. ಚೀನೀ ಭಾಷೆಯನ್ನು ವಿದೇಶೀಯನಿಗೆ ಕಲಿಸುವುದು ಅಪರಾಧವೆನಿಸಿತು.

ಇದು ಕಾಗದದ ಮೇಲಿನ ನಿಯಮವಷ್ಟೇ ಆಗಿರಲಿಲ್ಲ. ಈಸ್ಟ್ ಇಂಡಿಯಾ ಕಂಪೆನಿಯ ಜೇಮ್ಸ್ ಫ್ಲಿಂಟ್ ಹುಡುಗನಾಗಿದ್ದಾಗಲೇ ಚೀನೀ ಕಲಿತವನು. 1759ರಲ್ಲಿ ಅವನು ಕ್ಯಾಂಟನ್ನಿನ ಅಧಿಕಾರಿಗಳ ಸುಲಿಗೆಯ ವಿರುದ್ಧ ಚಕ್ರವರ್ತಿಗೆ ಮನವಿ ಸಲ್ಲಿಸಲು ಉತ್ತರದ ತಿಯಾನ್‌ಜಿನ್ ತನಕ ಹಡಗಿನಲ್ಲಿ ಹೋದನು. ಮನವಿ ಚೀನೀ ಭಾಷೆಯಲ್ಲಿತ್ತು. ವಿಚಾರಣೆ ನಡೆದು ಸುಂಕದ ಅಧಿಕಾರಿ ಪದವಿ ಕಳೆದುಕೊಂಡನು. ಫ್ಲಿಂಟನನ್ನು ಮಕಾವುವಿನಲ್ಲಿ ಮೂರು ವರ್ಷ ಸೆರೆಯಲ್ಲಿಟ್ಟು ಆಮೇಲೆ ದೇಶದಿಂದ ಹೊರಗಟ್ಟಿದರು. ಮನವಿ ಬರೆಯಲು ಅವನಿಗೆ ನೆರವಾದ ಚೀನಿಯನ ತಲೆ ಕಡಿಯಲಾಯಿತು.

ಫ್ಲಿಂಟನ ಹೆಸರು ಎಲ್ಲ ಇತಿಹಾಸ ಪುಸ್ತಕಗಳಲ್ಲಿದೆ. ತಲೆ ಕೊಟ್ಟವನ ಹೆಸರನ್ನು ಹುಡುಕಬೇಕಾಗುತ್ತದೆ. ಅವನು ಲ್ಯೂ ಯಾಬಿಯಾನ್. ಭಾಷೆ ಕಲಿತವನಿಗೆ ಸೆರೆ, ಕಲಿಸಿದವನಿಗೆ ಸಾವು. ಸಾಮ್ರಾಜ್ಯಗಳ ಜಗಳದಲ್ಲಿ ಬಡ ಗುಮಾಸ್ತನ ಕೊರಳಿಗೆ ಬೆಲೆ ಕಡಿಮೆ ಎಂಬುದಷ್ಟೇ ಇದರ ಅರ್ಥವಲ್ಲ. ಪರಕೀಯನ ಬಾಯಿಗೆ ನಮ್ಮ ಮಾತು ಸಿಕ್ಕರೆ ಅಧಿಕಾರಿಯ ಗುಟ್ಟು ಉಳಿಯುವುದಿಲ್ಲ ಎಂಬ ಭಯ ಆ ಶಿಕ್ಷೆಯ ಹಿಂದಿತ್ತು.

ನಿಷೇಧದ ಪರಿಣಾಮವಾಗಿ ಇಬ್ಬರದ್ದೂ ಅಲ್ಲದ ಮಾತೊಂದು ಬೆಳೆಯಿತು. ಅದನ್ನು ಪಿಜಿನ್ ಎನ್ನುತ್ತಾರೆ. ಇಂಗ್ಲಿಷಿನ ‘ಬಿಸಿನೆಸ್’ ಎಂಬುದನ್ನು ಕ್ಯಾಂಟನ್ನಿನ ನಾಲಗೆ ಉಚ್ಚರಿಸಿದ ರೀತಿಯಿಂದಲೇ ಈ ಹೆಸರು ಬಂತೆಂದು ವಿದ್ವಾಂಸರ ಅಭಿಪ್ರಾಯ. ಪದಗಳು ಹೆಚ್ಚಾಗಿ ಇಂಗ್ಲಿಷಿನವು, ಜೋಡಣೆ ಚೀನಿಯರದು, ನಡುವೆ ಪೋರ್ಚುಗೀಸ್ ಮತ್ತು ಹಿಂದುಸ್ತಾನಿಯ ಚೂರುಗಳು. ಇಲ್ಲೊಂದು ವಿಪರ್ಯಾಸ ನೋಡಿ: ಕ್ಯಾಂಟನೀಸ್ ಕಲಿಸುವ ಪುಸ್ತಕ ವಿದೇಶೀಯನ ಕೈಗೆ ಸಿಗುವ ಮೊದಲೇ ಇಂಗ್ಲಿಷ್ ಕಲಿಸುವ ಅಗ್ಗದ ಪುಸ್ತಿಕೆಗಳು ಕ್ಯಾಂಟನ್ನಿನ ಬೀದಿಯಲ್ಲಿ ಮಾರಾಟವಾಗುತ್ತಿದ್ದವು. ‘ಕೆಂಗೂದಲ ಪರದೇಶಿಗಳ ಮಾತು’ ಎಂಬರ್ಥದ ಹೆಸರಿನ ಆ ಪುಸ್ತಿಕೆಗಳಲ್ಲಿ ಇಂಗ್ಲಿಷ್ ಪದದ ಉಚ್ಚಾರವನ್ನು ಚೀನೀ ಲಿಪಿಯಲ್ಲಿ ಬರೆದಿರುತ್ತಿತ್ತು. ಅಂಗಡಿಯ ಹುಡುಗರು ಅದನ್ನು ಬಾಯಿಪಾಠ ಮಾಡಿ ವ್ಯಾಪಾರಕ್ಕೆ ಕೂರುತ್ತಿದ್ದರು. ಪಿಜಿನ್ನಿನಲ್ಲಿ ವ್ಯಾಪಾರವೇನೋ ನಡೆಯಿತು. ಆದರೆ ‘ಊಟವಾಯಿತೇ’ ಎಂದು ಕೇಳುವಷ್ಟು ಹತ್ತಿರಕ್ಕೆ ಯಾರೂ ಬರಲಿಲ್ಲ.

ಈ ಕಾಲದಲ್ಲಿ ಕ್ಯಾಂಟನ್ನಿಗೆ ಹೋದ ಭಾರತದ ಸರಕು ಕಡಿಮೆಯದಲ್ಲ. ಹತ್ತಿ ಹೋಯಿತು, ಮಾಳವದ ಅಫೀಮು ಹೋಯಿತು. ಮುಂಬಯಿಯ ಪಾರ್ಸಿಗಳ ಜೊತೆಗೆ ಮುಹಮ್ಮದ್ ಅಲಿ ರೋಘೆಯಂತಹ ಕೊಂಕಣಿ ಮುಸ್ಲಿಂ ವರ್ತಕರೂ ಆ ವ್ಯಾಪಾರದಲ್ಲಿ ಪಾಲುದಾರರಾಗಿದ್ದರು. ಅಫೀಮಿನ ಲಾಭದಲ್ಲಿ ನಮ್ಮವರ ಪಾಲೂ ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಮೈಸೂರು ಸೀಮೆಯ ಶ್ರೀಗಂಧವೂ ಪಶ್ಚಿಮ ಕರಾವಳಿಯ ಬಂದರುಗಳಿಂದ ಹೊರಟು ಚೀನಾದ ಪೇಟೆ ಸೇರುತ್ತಿತ್ತು. ಶ್ರೀಗಂಧಕ್ಕೆ ಕ್ಯಾಂಟನೀಸಿನಲ್ಲಿ ‘ತಾನ್-ಹೋಂಗ್’ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹವಾಯಿ ದ್ವೀಪಗಳಿಂದಲೂ ಈ ಮರ ಬರತೊಡಗಿದ್ದರಿಂದ ಅಲ್ಲಿನ ಹೊನಲುಲು ನಗರಕ್ಕೆ ಕ್ಯಾಂಟನ್ನಿನವರು ‘ತಾನ್-ಹೋಂಗ್-ಸಾನ್’, ಗಂಧದ ಬೆಟ್ಟ, ಎಂದು ಹೆಸರಿಟ್ಟರು. ‘ಹೋಂಗ್’ ಎಂದರೆ ಸುವಾಸನೆ. ಹಾಂಗ್‌ಕಾಂಗ್ ಅಥವಾ ‘ಹೋಂಗ್-ಗೋಂಗ್’ ಎಂದರೆ ಸುವಾಸನೆಯ ಬಂದರು. ಆದರೆ ಆ ಸುವಾಸನೆ ಅಲ್ಲಿಯದೇ ಆದ ಅಗರು ಜಾತಿಯ ಮರದ್ದು.

ಪುಸ್ತಕಗಳು ಬಂದವು

ರಾಬರ್ಟ್ ಮಾರಿಸನ್ ಎಂಬ ಪಾದ್ರಿ 1807ರಲ್ಲಿ ಕ್ಯಾಂಟನ್ನಿಗೆ ಬಂದನು. ಅವನಿಗೆ ಪಾಠ ಹೇಳಿದವರು ಕದ್ದುಮುಚ್ಚಿಯೇ ಹೇಳಬೇಕಾಯಿತು. ಸಿಕ್ಕಿಬಿದ್ದರೆ ಚಿತ್ರಹಿಂಸೆಯಿಂದ ಪಾರಾಗಲು ಅವರಲ್ಲೊಬ್ಬ ವಿಷವನ್ನು ಜೊತೆಯಲ್ಲೇ ಇಟ್ಟುಕೊಂಡಿರುತ್ತಿದ್ದನೆಂದು ಹೇಳಲಾಗುತ್ತದೆ. ಎರಡು ವರ್ಷಗಳಲ್ಲಿ ಮಾರಿಸನ್ ಕಂಪೆನಿಯ ಅನುವಾದಕನಾದನು. 1828ರಲ್ಲಿ ಕಂಪೆನಿಯ ಮಕಾವು ಮುದ್ರಣಾಲಯದಲ್ಲಿ ಅವನ ಕ್ಯಾಂಟನ್ ಆಡುಮಾತಿನ ಪದಕೋಶ ಅಚ್ಚಾಯಿತು. ಪಂಡಿತರ ಚೀನೀ ಭಾಷೆಯನ್ನು ಬಿಟ್ಟು ಬೀದಿಯ ಮಾತನ್ನು ಪುಸ್ತಕಕ್ಕೆ ತಂದ ಮೊದಮೊದಲ ಪ್ರಯತ್ನಗಳಲ್ಲಿ ಇದೊಂದು. ಅದರ ಮೂರನೆಯ ಭಾಗದಲ್ಲಿ ಪದಗಳ ಜೊತೆಗೆ ಆಡುಮಾತಿನ ನುಡಿಗಟ್ಟುಗಳನ್ನೂ ಕೊಡಲಾಗಿದೆ. 1841ರಲ್ಲಿ ಅಮೆರಿಕದ ಬ್ರಿಜ್‌ಮನ್, 1856ರಲ್ಲಿ ವೆಲ್ಸ್ ವಿಲಿಯಮ್ಸ್ ಇದೇ ದಾರಿಯಲ್ಲಿ ಮುಂದೆ ಹೋದರು.

ಅಷ್ಟರಲ್ಲಿ ಪರಿಸ್ಥಿತಿ ತಲೆಕೆಳಗಾಗಿತ್ತು. ಅಫೀಮು ಯುದ್ಧದಲ್ಲಿ ಚೀನಾ ಸೋತು 1842ರಲ್ಲಿ ಹಾಂಗ್‌ಕಾಂಗ್ ದ್ವೀಪವನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟಿತು. ಈಗ ಕ್ಯಾಂಟನೀಸ್ ಕಲಿಯುವುದು ಆಳುವವನ ಅಗತ್ಯವಾಯಿತು. 1862ರಿಂದ ಆಡಳಿತಕ್ಕೆ ಆಯ್ಕೆಯಾದ ತರುಣ ಬ್ರಿಟಿಷ್ ಅಧಿಕಾರಿಗಳಿಗೆ ಭಾಷಾ ಶಿಕ್ಷಣ ಕಡ್ಡಾಯವಾಯಿತು. ಕ್ಯಾಂಟನ್ನಿನಲ್ಲೇ ಹುಟ್ಟಿ ಬೆಳೆದು ಹಾಂಗ್‌ಕಾಂಗ್ ಸರಕಾರದಲ್ಲಿ ದುಭಾಷಿಯಾಗಿದ್ದ ಜೇಮ್ಸ್ ಡೈಯರ್ ಬಾಲ್ 1883ರಲ್ಲಿ ‘ಕ್ಯಾಂಟನೀಸ್ ಮೇಡ್ ಈಝಿ’ ಎಂಬ ಪುಸ್ತಕ ಪ್ರಕಟಿಸಿದನು. ವಾಕ್ಯದ ಕೊನೆಯ ಆ ಪುಟ್ಟ ಪ್ರತ್ಯಯಗಳನ್ನು ಅವನು ಬಹಳ ಶ್ರದ್ಧೆಯಿಂದ ಕಲೆಹಾಕಿದ್ದಾನೆ. ಪಂಡಿತರು ಕಡೆಗಣಿಸಿದ ಬೀದಿಮಾತಿನ ಬಗ್ಗೆ ಅವನಿಗಿದ್ದ ಪ್ರೀತಿಯನ್ನು ಅನುಮಾನಿಸುವಂತಿಲ್ಲ.

ಆದರೂ ಪಾಠಗಳ ಕ್ರಮವನ್ನು ಓದುಗರು ಗಮನಿಸಬೇಕು. ಮೊದಲು ಬರುವುದು ಮನೆವಾರ್ತೆಯ ಪಾಠ. ಅನಂತರ ಹಣ, ವ್ಯಾಪಾರ, ವೈದ್ಯ, ಚರ್ಚು, ಹಡಗು, ನ್ಯಾಯಾಲಯ. ವಸಾಹತಿನ ಇಡೀ ದಿನಚರಿ ಇದರಲ್ಲಿದೆ. ಸಾಹೇಬನು ಮೊದಲು ಮಾತಾಡಬೇಕಾದುದು ಅಡುಗೆಯವನೊಡನೆ, ಆಮೇಲೆ ದಲ್ಲಾಳಿಯೊಡನೆ, ಕೊನೆಗೆ ಕಟಕಟೆಯಲ್ಲಿ ನಿಂತವನೊಡನೆ. ಭಾರತದಲ್ಲಿ ಅಚ್ಚಾದ ಹಿಂದುಸ್ತಾನಿ ಕೈಪಿಡಿಗಳನ್ನು ನೋಡಿದವರಿಗೆ ಇದು ಹೊಸದೆನಿಸದು. ‘ಮ್-ಗೋಯ್’ ಎಂಬುದನ್ನು ಒಡೆಯನು ಆಳಿಗೆ ಎಷ್ಟು ಸಲ ಹೇಳಿದನೆಂಬ ಲೆಕ್ಕ ಯಾವ ಕೈಪಿಡಿಯಲ್ಲೂ ಸಿಗುವುದಿಲ್ಲ.

ಮೋ-ಲೋ ಬೀದಿ

ಬ್ರಿಟಿಷರೊಡನೆ ಹಾಂಗ್‌ಕಾಂಗಿಗೆ ಇಳಿದವರಲ್ಲಿ ಮದ್ರಾಸಿನ ಮತ್ತು ಬಂಗಾಳದ ಸಿಪಾಯಿಗಳಿದ್ದರು. ಹಡಗುಗಳಲ್ಲಿ ದುಡಿಯುವ ಲಷ್ಕರಿಗಳಿದ್ದರು. ಅವರಲ್ಲಿ ಮುಸ್ಲಿಮರು ಬಹಳ. 1860ರ ದಶಕದಿಂದ ಪಂಜಾಬಿನ ಸಿಖ್ಖರನ್ನೂ ಮುಸ್ಲಿಮರನ್ನೂ ಪೊಲೀಸ್ ಕೆಲಸಕ್ಕೆ ತಂದರು. ಇನ್ನು ಕೆಲವರು ಬ್ಯಾಂಕು, ಗೋದಾಮುಗಳ ಕಾವಲುಗಾರರಾದರು. ಶೆಲ್ಲಿ ಬೀದಿಯ ಜಾಮಿಯಾ ಮಸೀದಿ 1840ರ ದಶಕದಷ್ಟು ಹಳೆಯದು. 1915ರಲ್ಲಿ ಅದನ್ನು ಮತ್ತೆ ಕಟ್ಟಲಾಯಿತು. ಕೌಲೂನಿನ ಮಸೀದಿ 1896ರಲ್ಲಿ ಭಾರತೀಯ ಸೈನಿಕರಿಗಾಗಿ ಕಟ್ಟಿದ್ದು. ಈಗಿನ ಬಿಳಿ ಕಟ್ಟಡ 1984ರದ್ದು.

ಇವರಿಗೆ ಯಾರೂ ಕೈಪಿಡಿ ಬರೆಯಲಿಲ್ಲ. ಪೇಟೆಯಲ್ಲಿ, ಠಾಣೆಯಲ್ಲಿ, ಕೆಲವರು ಮನೆಯಲ್ಲೇ ಈ ಭಾಷೆ ಕಲಿತರು. ಏಕೆಂದರೆ ಚೀನೀ ಹೆಂಗಸರನ್ನು ಮದುವೆಯಾಗಿ ಅಲ್ಲೇ ನೆಲೆನಿಂತ ಮುಸ್ಲಿಮರು ಅನೇಕರಿದ್ದರು. ಅವರ ಮಕ್ಕಳಿಗೆ ಅಮ್ಮನ ಭಾಷೆ ಕ್ಯಾಂಟನೀಸ್, ಮಸೀದಿಯಲ್ಲಿ ಅರಬಿ ಮತ್ತು ಉರ್ದು, ಶಾಲೆಯಲ್ಲಿ ಇಂಗ್ಲಿಷ್. ಮನೆಯಲ್ಲಿ ಬ್ಯಾರಿ, ಸಂತೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನಮ್ಮ ಓದುಗರಿಗೆ ಈ ಬಾಳು ವಿವರಿಸಬೇಕಾಗಿಲ್ಲ. ಈ ಸಂತತಿಯವರು ತಮ್ಮನ್ನು ‘ಲೋಕಲ್ ಬಾಯ್’ ಎಂದು ಕರೆದುಕೊಂಡರು.

ಊರಿನವರು ಅವರನ್ನು ಏನೆಂದು ಕರೆದರು? ‘ಮೋ-ಲೋ’ ಎಂದರು. ಪೋರ್ಚುಗೀಸರು ಮುಸ್ಲಿಮರಿಗೆ ಬಳಸುತ್ತಿದ್ದ ‘ಮೌರೋ’, ಅಂದರೆ ಮೂರ್, ಎಂಬುದೇ ಮಕಾವುವಿನ ಮೂಲಕ ಮೋ-ಲೋ ಆಯಿತೆಂಬುದು ಸಾಮಾನ್ಯ ಅಭಿಪ್ರಾಯ. ಲಷ್ಕರಿಗಳು ವಾಸವಿದ್ದ, ಇಂಗ್ಲಿಷಿನಲ್ಲಿ ‘ಲಸ್ಕರ್ ರೋ’ ಎನ್ನುವ ಬೀದಿ ಚೀನೀ ಭಾಷೆಯಲ್ಲಿ ‘ಮೋ-ಲೋ’ ಬೀದಿ. ಆಮೇಲೆ ಬಂದ ಇನ್ನೊಂದು ಹೆಸರು ‘ಆ-ಚಾ’. ಹಿಂದುಸ್ತಾನಿಗಳು ಮಾತಿಗೊಮ್ಮೆ ಹೇಳುವ ‘ಅಚ್ಛಾ’ದಿಂದ ಇದು ಬಂತೆನ್ನುವವರಿದ್ದಾರೆ. ಪೊಲೀಸನಿಗೆ ಕ್ಯಾಂಟನೀಸಿನಲ್ಲಿ ಇರುವ ‘ಚಾಯ್-ಯನ್’ ಎಂಬ ಪದದ ಮೊದಲ 글ಅಕ್ಷರವೇ ಹೀಗಾಯಿತೆನ್ನುವವರೂ ಇದ್ದಾರೆ. ಮೂಲ ಯಾವುದಾದರೂ ಇರಲಿ, ಇಂದು ಅದನ್ನು ಕೇಳಿಸಿಕೊಳ್ಳುವವರು ಬೈಗುಳವೆಂದೇ ತಿಳಿಯುತ್ತಾರೆ. ಬಿಳಿಯನಿಗೂ ‘ಗ್ವಾಯ್-ಲೌ’, ದೆವ್ವದ ಮನುಷ್ಯ, ಎಂಬ ಹೆಸರಿದೆ. ಆದರೆ ಆಳುತ್ತಿದ್ದವನು ಆ ಹೆಸರನ್ನು ಕೇಳಿ ನಗಬಹುದಾಗಿತ್ತು. ಕಾವಲುಗಾರನ ಮಗನಿಗೆ ಆ ಅನುಕೂಲವಿರಲಿಲ್ಲ.

ಹೀಗೆಂದು ಹೋದದ್ದೆಲ್ಲ ಕಹಿಯಲ್ಲ. ಮಾರುಕಟ್ಟೆಯ ತರಕಾರಿಯವಳು ಗಿರಾಕಿ ಹೇಗೇ ಇರಲಿ ‘ಲೆಂಗ್-ಜಯ್’, ಚೆಲುವ, ಎಂದೇ ಕರೆಯುತ್ತಾಳೆ. ನಮ್ಮಲ್ಲಿ ಎಲ್ಲರೂ ಅಣ್ಣ, ಅಕ್ಕ ಆಗುವಂತೆ. ಅಗ್ಗದ ಹೋಟೆಲುಗಳಲ್ಲಿ ಮಾಣಿ ‘ಒಬ್ಬ ಲೆಂಗ್-ಜಯ್’ ಎಂದು ಅಡುಗೆಮನೆಗೆ ಕೂಗಿದರೆ ಮಾತ್ರ ಚೆಲುವರು ತಿರುಗಿ ನೋಡಬೇಕಾಗಿಲ್ಲ. ಅದು ಒಂದು ಬಟ್ಟಲು ಬಿಳಿ ಅನ್ನಕ್ಕೆ ಅವರಿಟ್ಟ ಅಡ್ಡಹೆಸರು. ಭಾರತದ ಮಾತುಗಳೂ ಅಲ್ಲಿ ಉಳಿದಿವೆ. ಹೊರೆಯಾಳಿಗೆ ಕ್ಯಾಂಟನೀಸಿನಲ್ಲಿ ‘ಗೂ-ಲೇಯ್’ ಎಂಬ ಹೆಸರು ಬಂದದ್ದು ‘ಕೂಲಿ’ಯಿಂದ. ಹಾಂಗ್‌ಕಾಂಗಿನ ವಾಹನ ನಿಲ್ದಾಣಗಳಲ್ಲಿ ಹಣ ಕಟ್ಟುವ ಕಿಂಡಿಯ ಮೇಲೆ ಇಂಗ್ಲಿಷಿನಲ್ಲಿ ‘ಶ್ರಾಫ್’ ಎಂದು ಬರೆದಿರುತ್ತದೆ. ಅರಬಿಯ ‘ಸರ್ರಾಫ್’, ನಮ್ಮ ಶರಾಫ, ಅಲ್ಲಿ ಹಾಗೆ ಕೂತಿದ್ದಾನೆ.

ಮತ್ತೆ ಮನೆವಾರ್ತೆಯ ಪಾಠ

ಬಾಲ್‌ನ ಪುಸ್ತಕ ಬಂದ ಸುಮಾರು ನೂರು ವರ್ಷಗಳ ಬಳಿಕ ಮನೆವಾರ್ತೆಯ ಪಾಠ ಇನ್ನೊಂದು ಕಡೆಯಿಂದ ಶುರುವಾಯಿತು. 1990ರ ದಶಕದಿಂದ ಇಂಡೋನೇಷ್ಯಾದ ಹೆಂಗಸರು ಮನೆಗೆಲಸಕ್ಕಾಗಿ ದೊಡ್ಡ ಸಂಖ್ಯೆಯಲ್ಲಿ ಹಾಂಗ್‌ಕಾಂಗಿಗೆ ಬರತೊಡಗಿದರು. ಫಿಲಿಪೈನ್ಸಿನವರಿಗೆ ಇಂಗ್ಲಿಷ್ ಬರುತ್ತಿತ್ತು, ಇವರಿಗೆ ಬರುತ್ತಿರಲಿಲ್ಲ. ಆದ್ದರಿಂದ ಏಜೆನ್ಸಿಗಳು ಇವರನ್ನು ಜಾವಾದ ತರಬೇತಿ ಶಿಬಿರಗಳಲ್ಲಿ ತಿಂಗಳುಗಟ್ಟಲೆ ಇರಿಸಿ ಕ್ಯಾಂಟನೀಸ್ ಕಲಿಸಿದವು. ಗುಡಿಸು, ಒರೆಸು, ಮಗುವನ್ನು ಎಬ್ಬಿಸು, ಅಜ್ಜಿಗೆ ಔಷಧಿ ಕೊಡು. ಒಡತಿಗೆ ‘ತಾಯ್-ತಾಯ್’, ಒಡೆಯನಿಗೆ ‘ಸಿನ್-ಸಾಂಗ್’ ಎನ್ನಬೇಕು. 1883ರಲ್ಲಿ ಇಂಗ್ಲಿಷಿನವನು ಆಜ್ಞೆ ಮಾಡಲು ಕಲಿತ ಭಾಷೆಯನ್ನು ಜಾವಾದ ಹಳ್ಳಿಯ ಮುಸ್ಲಿಂ ಹೆಣ್ಣುಮಗಳು ಆಜ್ಞೆ ಅರ್ಥಮಾಡಿಕೊಳ್ಳಲು ಕಲಿತಳು. ಹಾಂಗ್‌ಕಾಂಗಿನ ಸುಮಾರು ಮೂರು ಲಕ್ಷ ಮುಸ್ಲಿಮರಲ್ಲಿ ಅರ್ಧದಷ್ಟು ಇಂಡೋನೇಷ್ಯಾದವರು; ಅವರಲ್ಲಿ ಹೆಚ್ಚಿನವರು ಈ ಹೆಂಗಸರು. ಒಡತಿಯ ಹಿಂಸೆಗೆ ತುತ್ತಾದ ಇಂತಹ ಒಬ್ಬಳು ನ್ಯಾಯಾಲಯದಲ್ಲಿ ನಿಂತು ಸಾಕ್ಷ್ಯ ನುಡಿದಳು. 2015ರಲ್ಲಿ ಒಡತಿಗೆ ಆರು ವರ್ಷ ಸೆರೆಯಾಯಿತು. ರವಿವಾರ ಬಂತೆಂದರೆ ಈ ಹೆಂಗಸರು ವಿಕ್ಟೋರಿಯಾ ಪಾರ್ಕಿನಲ್ಲಿ ಸೇರುತ್ತಾರೆ. ಆ ದಿನ ಜಾವಾದ ಮಾತು.

ಅಲ್ಲೇ ಹುಟ್ಟಿದ ಪಾಕಿಸ್ತಾನಿ, ಭಾರತೀಯ, ನೇಪಾಳಿ ಮಕ್ಕಳ ಕಷ್ಟ ಬೇರೆ. ಬ್ರಿಟಿಷ್ ಕಾಲದಲ್ಲಿ ಇಂಗ್ಲಿಷ್ ಇದ್ದರೆ ಸರಕಾರಿ ಕೆಲಸ ಸಿಗುತ್ತಿತ್ತು. ಚೀನೀ ಭಾಷೆಗೆ ಅಧಿಕೃತ ಮಾನ್ಯತೆ ಬಂದದ್ದೇ 1974ರಲ್ಲಿ. ಅದು ಆ ನಾಡಿನ ಜನರಿಗೆ ತಡವಾಗಿ ಸಿಕ್ಕ ನ್ಯಾಯವೆಂಬುದರಲ್ಲಿ ಸಂಶಯವಿಲ್ಲ. 1997ರಲ್ಲಿ ಹಾಂಗ್‌ಕಾಂಗ್ ಚೀನಾಕ್ಕೆ ಮರಳಿದ ಬಳಿಕ ಚೀನೀ ಓದುಬರಹ ಬಾರದವರಿಗೆ ಕೆಲಸದ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಈ ಮಕ್ಕಳು ಬೀದಿಯಲ್ಲಿ, ಆಟದ ಮೈದಾನದಲ್ಲಿ ಕ್ಯಾಂಟನೀಸನ್ನು ನೀರು ಕುಡಿದಷ್ಟು ಸುಲಭವಾಗಿ ಆಡುತ್ತಾರೆ. ಆದರೆ ಬರೆಯುವ ಚೀನೀ ಭಾಷೆ ಆಡುವ ಕ್ಯಾಂಟನೀಸ್ ಅಲ್ಲ. ಬಾಯಲ್ಲಿ ‘ಮ್’ ಎಂಬ ನಿಷೇಧ ಪದ. ಬರವಣಿಗೆಯಲ್ಲಿ ಅದಕ್ಕೆ ಬೇರೆಯೇ ಅಕ್ಷರ. ‘ಅವನು’ ಎಂಬುದಕ್ಕೆ ಬಾಯಲ್ಲಿ ಒಂದು ಪದ, ಕಾಗದದಲ್ಲಿ ಇನ್ನೊಂದು. ಮನೆಯಲ್ಲಿ ಚೀನೀ ಓದಬಲ್ಲವರಿರುವ ಮಗು ಈ ಕಂದಕವನ್ನು ದಾಟುತ್ತದೆ. ಉರ್ದು ಮಾತಾಡುವ ಅಮ್ಮನ ಮಗು ಪರೀಕ್ಷೆಯಲ್ಲಿ ಅಲ್ಲೇ ನಿಲ್ಲುತ್ತದೆ. ಇಂತಹ ಮಕ್ಕಳನ್ನು ಬಹುಕಾಲ ಕೆಲವೇ ನಿಗದಿತ ಶಾಲೆಗಳಿಗೆ ಸೇರಿಸಲಾಗುತ್ತಿತ್ತು. ಆ ಹೆಸರನ್ನು 2013ರಲ್ಲಿ ಕೈಬಿಟ್ಟರು. ಚೀನಿಯನ್ನು ಎರಡನೆಯ ಭಾಷೆಯಾಗಿ ಕಲಿಸುವ ಚೌಕಟ್ಟು 2014ರಲ್ಲಿ ಬಂತು. ಜನಾಂಗ ತಾರತಮ್ಯದ ವಿರುದ್ಧದ ಕಾಯಿದೆ 2008ರಲ್ಲಿ ಅಂಗೀಕಾರವಾಗಿ ಮರುವರ್ಷ ಪೂರ್ಣವಾಗಿ ಜಾರಿಗೆ ಬಂತು. ಆ ಕಾಯಿದೆ ಮಾಡುವ ಜನಾಂಗದ ವ್ಯಾಖ್ಯೆಯಲ್ಲಿ ಬಣ್ಣವಿದೆ, ವಂಶವಿದೆ, ಭಾಷೆಯಿಲ್ಲ.

2019ರ ಅಕ್ಟೋಬರ್ 20ರಂದು, ಆ ವರ್ಷದ ಪ್ರತಿಭಟನೆಗಳ ಕಾಲದಲ್ಲಿ, ಪೊಲೀಸರ ಜಲಫಿರಂಗಿಯ ನೀಲಿ ನೀರು ಕೌಲೂನ್ ಮಸೀದಿಯ ಮೆಟ್ಟಿಲಿಗೆ, ಗೇಟಿಗೆ ಬಡಿಯಿತು. ಮರುದಿನ ಸರಕಾರದ ಮುಖ್ಯಸ್ಥೆಯೇ ಬಂದು ಕ್ಷಮೆ ಕೇಳಿದರು. ಕ್ಷಮೆಗೂ ಈ ಭಾಷೆಯಲ್ಲಿ ಎರಡು ಮಾತುಗಳಿವೆ. ಸಣ್ಣಪುಟ್ಟ ಮುಜುಗರಕ್ಕೆ ‘ಮ್-ಹೌ ಯೀ-ಸೀ’; ನಿಜವಾದ ತಪ್ಪಿಗೆ ‘ದೋಯ್-ಮ್-ಜೂ’, ಅಂದರೆ ನಿಮಗೆ ಮುಖ ತೋರಿಸಲಾರೆ ಎಂದು. ಆದರೆ ಮುಖ್ಯಸ್ಥೆ ಬರುವ ಮೊದಲೇ, ಅಂದು ಸಂಜೆಯೇ, ಊರಿನ ಸಾಮಾನ್ಯ ಜನರು ಬಟ್ಟೆ, ಬಕೆಟ್ಟು ಹಿಡಿದು ಬಂದು ಮಸೀದಿಯ ಮೆಟ್ಟಿಲು ತೊಳೆದಿದ್ದರು. ಅದೇ ದಿನ ಹತ್ತಿರದ ಚುಂಗ್‌ಕಿಂಗ್ ಮ್ಯಾನ್ಷನ್ಸ್ ಕಟ್ಟಡದ ದಕ್ಷಿಣ ಏಷ್ಯಾದವರು ಮೆರವಣಿಗೆಯವರಿಗೆ ನೀರಿನ ಬಾಟಲಿ ಹಂಚಿದ್ದರು.

ಹಾಂಗ್‌ಕಾಂಗಿನ ಕೆಂಪು ಮಿನಿಬಸ್ಸುಗಳಲ್ಲಿ ಇಳಿಯಬೇಕಾದವರು ಕೂಗಿ ಹೇಳಬೇಕು: ‘ಯಾವ್-ಲೋಕ್, ಮ್-ಗೋಯ್!’ ಇಳಿಯುವವರಿದ್ದಾರೆ, ದಯವಿಟ್ಟು. ಗಟ್ಟಿಯಾಗಿ ಕೂಗದಿದ್ದರೆ ಬಸ್ಸು ಮುಂದಿನ ಬೀದಿಗೆ ಹೋಗಿಬಿಡುತ್ತದೆ. ಹೊಸಬರು ಇದನ್ನು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡು ಆಮೇಲೆ ಬಾಯಿ ತೆರೆಯುತ್ತಾರೆ. ಜಾಮಿಯಾ ಮಸೀದಿಗೆ ಹೋಗುವವರು ಇಳಿದು ಬೆಟ್ಟದ ಕಡೆಗೆ ಹತ್ತಬೇಕು. ಮಸೀದಿಯ ಪಕ್ಕದ ಬೀದಿಯ ಫಲಕದಲ್ಲಿ ಇಂಗ್ಲಿಷಿನಲ್ಲಿ ‘ಮಾಸ್ಕ್ ಸ್ಟ್ರೀಟ್’ ಎಂದಿದೆ. ಅದರ ಜೊತೆಗಿರುವ ಚೀನೀ ಅಕ್ಷರಗಳನ್ನು ಓದಬಲ್ಲವರು ಓದುವುದು ‘ಮೋ-ಲೋ-ಮ್ಯೂ-ಗಾಯ್’, ಮೋ-ಲೋಗಳ ಗುಡಿಯ ಬೀದಿ.